ಕರಾರಿನ ಹೊರಗುಳಿದ 1,200 ರೂಪಾಯಿ: ನವನಗರದ ಒಂದು ಬಾಡಿಗೆ ಮನೆಯ ಪ್ರಕರಣ

ಹುಬ್ಬಳ್ಳಿ ಮತ್ತು ಧಾರವಾಡದ ನಡುವಿನ ನವನಗರದಲ್ಲಿ 2023ರ ಜೂನ್‌ನಿಂದ 2024ರ ಆಗಸ್ಟ್ ಮೊದಲ ವಾರದವರೆಗೆ ಇದ್ದ ಒಂದು ಬಾಡಿಗೆ ಸಂಬಂಧ ಹೇಗೆ ಕೂಡಿಬಂದಿತು, ಯಾವ ಕಾರಣಕ್ಕೆ ಕೆಟ್ಟಿತು, ಕೊನೆಗೆ ಠೇವಣಿಯ ಲೆಕ್ಕ ಹೇಗೆ ಹರಿಯಿತು ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ. ಎರಡೂ ಕಡೆಯವರು ಒಪ್ಪಿ ಕೂರಿಸಿಕೊಂಡ ಇಬ್ಬರು ಮಧ್ಯಸ್ಥರಲ್ಲಿ ನಾನೂ ಒಬ್ಬನಾಗಿದ್ದರಿಂದ ಕರಾರು ಪತ್ರ, ಮೊಬೈಲ್ ಸಂದೇಶಗಳು, ಹಣ ಕಳಿಸಿದ ದಾಖಲೆಗಳು ಎಲ್ಲವನ್ನೂ ನೋಡುವ ಅವಕಾಶ ಸಿಕ್ಕಿತು. ಗುರುತು ಹತ್ತಬಾರದೆಂದು ಹೆಸರು, ಕ್ರಾಸ್, ಕೆಲಸದ ಸ್ಥಳಗಳನ್ನು ಬಿಟ್ಟಿದ್ದೇನೆ. ಓಣಿಯಲ್ಲಿ ಕೆಲವರು ಇದನ್ನು ನೀರಿನ ಜಗಳ ಎಂದರು, ಕೆಲವರು ಜಾತಿಯ ಜಗಳ ಎಂದರು, ಮತ್ತು ಎರಡೂ ಪೂರ್ತಿ ಸುಳ್ಳಲ್ಲ. ಆದರೆ ಕಾಗದಗಳನ್ನು ಮುಂದಿಟ್ಟುಕೊಂಡು ನೋಡಿದಾಗ ನನಗೆ ಕಂಡದ್ದು ಬೇರೆ: ಕರಾರಿನಲ್ಲಿ ಬರೆಯದೆ ತಿಂಗಳು ತಿಂಗಳು ಕೈಯಿಂದ ಕೈಗೆ ಹೋದ 1,200 ರೂಪಾಯಿ ಯಾವುದರ ಹಣ ಎಂದು ಇಬ್ಬರೂ ಒಮ್ಮೆಯೂ ಮಾತಾಡಿಕೊಂಡಿರಲಿಲ್ಲ. ಉಳಿದ ಮನಸ್ತಾಪಗಳೆಲ್ಲ ಆ ಸಂದಿಯಿಂದಲೇ ಒಳಗೆ ಬಂದವು.

ಪ್ರದೇಶ

ನವನಗರವನ್ನು ಹುಬ್ಬಳ್ಳಿಯವರು ಧಾರವಾಡದ ಕಡೆಗಿನದು ಎನ್ನುತ್ತಾರೆ, ಧಾರವಾಡದವರು ಹುಬ್ಬಳ್ಳಿಗೆ ಸೇರಿಸುತ್ತಾರೆ. ಪೊಲೀಸ್ ಆಯುಕ್ತರ ಕಚೇರಿ, ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ, ಕ್ಯಾನ್ಸರ್ ಆಸ್ಪತ್ರೆ ಇರುವುದು ಇಲ್ಲಿ. ಪಕ್ಕದ ಅಮರಗೋಳದಲ್ಲಿ ಎಪಿಎಂಸಿ ಪ್ರಾಂಗಣ, ಅದರಾಚೆ ಭೈರಿದೇವರಕೊಪ್ಪ ಮತ್ತು ಉಣಕಲ್. ಬಸ್ಸಿಗೇ ಮೀಸಲಾದ ಪಥದ ಸಾರಿಗೆಯಾದ ಬಿಆರ್‌ಟಿಎಸ್‌ನ ಚಿಗರಿ ಬಸ್ಸುಗಳು 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಓಡಾಡತೊಡಗಿ, 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ಮೇಲೆ, ಅವಳಿ ನಗರದ ನಡುವಿನ ಸುಮಾರು 22 ಕಿಲೋಮೀಟರ್ ಹಾದಿಯ ಮಧ್ಯಭಾಗದಲ್ಲಿರುವ ಇಂಥ ಬಡಾವಣೆಗಳಿಗೆ ಹೊಸ ಬಗೆಯ ಬಾಡಿಗೆದಾರರು ಬರತೊಡಗಿದರು. ಗಂಡನಿಗೆ ಧಾರವಾಡದ ಕಡೆ ಕೆಲಸ, ಹೆಂಡತಿಗೆ ಹುಬ್ಬಳ್ಳಿಯಲ್ಲಿ ಕೆಲಸ ಇರುವ ಸಂಸಾರಕ್ಕೆ ನಡುವಿನ ಊರೇ ಅನುಕೂಲ.

ಈ ಓಣಿಯ ಹತ್ತು ಮನೆಗಳಲ್ಲಿ ನಿವೃತ್ತ ರೈಲ್ವೆ ನೌಕರರಿದ್ದಾರೆ, ಅಮರಗೋಳದಲ್ಲಿ ಒಣಮೆಣಸಿನಕಾಯಿ ವ್ಯಾಪಾರ ಮಾಡುವ ರಾಜಸ್ಥಾನಿ ಕುಟುಂಬವಿದೆ, ಕಾನೂನು ಓದಲು ಬಂದ ಕಲಬುರಗಿ, ರಾಯಚೂರು ಕಡೆಯ ಹುಡುಗರಿದ್ದಾರೆ, ಕೊಪ್ಪಳ ಮತ್ತು ಗದಗದಿಂದ ಬಂದ ಚಾಲಕರಿದ್ದಾರೆ, ಒಂದು ಮನೆಯ ಹಿಂದಿನ ಖೋಲಿಯಲ್ಲಿ ಒಡಿಶಾದ ಗಾರೆ ಕೆಲಸದವರಿದ್ದಾರೆ. ಇಷ್ಟು ಬಗೆಯ ಜನ ಒಂದೇ ಓಣಿಯಲ್ಲಿ ಇರುವುದರಿಂದ ಅಲ್ಲಿ ಬೆರೆತು ಬಾಳುತ್ತಾರೆ ಎಂದು ಹೊರಗಿನವರಿಗೆ ಅನಿಸಬಹುದು. ಯಾರ ಮನೆಯಲ್ಲಿ ಯಾರು ಬಾಡಿಗೆಗಿದ್ದಾರೆ ಎಂದು ಸೂಕ್ಷ್ಮವಾಗಿ ನೋಡಿದರೆ ಮಾತ್ರ ಅಷ್ಟು ಬೆರೆತಿಲ್ಲವೆಂದು ತಿಳಿಯುತ್ತದೆ.

ಮನೆ ಸಿಕ್ಕ ಬಗೆ

ಬಾಡಿಗೆದಾರರು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಪರಿಶಿಷ್ಟ ಜಾತಿಯ ದಂಪತಿ. ಗಂಡ ಧಾರವಾಡದ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರು, ತಿಂಗಳ ಸಂಬಳ 46,000 ರೂಪಾಯಿ. ಹೆಂಡತಿ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ಇಬ್ಬರು ಮಕ್ಕಳು, ದೊಡ್ಡವನು ಮೂರನೆಯ ಇಯತ್ತೆ. ಶಾಲೆ ಶುರುವಾಗುವ ಮೊದಲು, ಆಷಾಢ ಬರುವ ಮೊದಲು ಮನೆ ಸಿಗಬೇಕಾಗಿತ್ತು. ಅವಳಿ ನಗರದಲ್ಲಿ ಮೇ ತಿಂಗಳ ಹುಡುಕಾಟಕ್ಕೆ ಯಾವಾಗಲೂ ಈ ಎರಡು ಗಡುವುಗಳಿರುತ್ತವೆ.

ಮನೆ ಖಾಲಿ ಇದೆಯೇ ಎಂದು ಕೇಳಿದವರಿಗೆ ಇಲ್ಲಿ ಮೊದಲು ಬರುವ ಮರುಪ್ರಶ್ನೆ ‘ಅಡ್ಡಹೆಸರೇನ್ರಿ?’ ಎಂಬುದು. ಈ ಕುಟುಂಬದ್ದು ಊರಿನ ಹೆಸರಿನಿಂದ ಬಂದ ಅಡ್ಡಹೆಸರು. ಉತ್ತರ ಕರ್ನಾಟಕದಲ್ಲಿ ಇಂಥ ಅಡ್ಡಹೆಸರು ಎಲ್ಲ ಜಾತಿಯವರಲ್ಲೂ ಇರುವುದರಿಂದ ಅದರಿಂದ ಏನೂ ತಿಳಿಯದು, ಆದ್ದರಿಂದ ಎರಡನೆಯ ಪ್ರಶ್ನೆ ಬರುತ್ತದೆ: ‘ನೀವು ಯಾವ ಮಂದಿ?’ ನೇರ ಉತ್ತರ ಕೊಟ್ಟ ಮೂರು ಕಡೆ ಮನೆ ಆಗಲೇ ಬೇರೆಯವರಿಗೆ ಮಾತಾಗಿತ್ತು. ಅವುಗಳಲ್ಲಿ ಒಂದರ ಗೇಟಿಗೆ ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡು ಮುಂದಿನ ತಿಂಗಳೂ ತೂಗುತ್ತಿತ್ತು. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೆಯ ಕಲಮು, ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಪ್ರದೇಶದಲ್ಲಿ ಒಬ್ಬರು ವಾಸದ ಮನೆ ಕಟ್ಟಿಕೊಳ್ಳುವುದಕ್ಕೆ, ಪಡೆಯುವುದಕ್ಕೆ, ಅದರಲ್ಲಿ ಇರುವುದಕ್ಕೆ ಅಡ್ಡಿ ಮಾಡುವುದನ್ನು ಅಪರಾಧ ಎನ್ನುತ್ತದೆ. ಆದರೆ ಬಾಗಿಲಲ್ಲಿ ನಿಂತವರು ‘ಈಗಷ್ಟೇ ಮಾತಾಯಿತು’ ಎಂದರೆ ಆ ಕಲಮಿನ ಕೈಗೆ ಏನೂ ಸಿಗುವುದಿಲ್ಲ.

ನಾಲ್ಕನೆಯ ಮನೆಗೆ ಏಜೆಂಟ್ ಒಬ್ಬರು ಕರೆದೊಯ್ದರು. ಮಾಲಕರು ರೈಲ್ವೆಯಿಂದ ನಿವೃತ್ತರಾದ ಲಿಂಗಾಯತ ಹಿರಿಯರು. ನಿವೃತ್ತಿಯಾದಾಗ ಬಂದ ಹಣದಲ್ಲಿ ಮೇಲಿನ ಮಹಡಿ ಕಟ್ಟಿಸಿ, ಕೆಳಗೆ ತಾವು ಪತ್ನಿಯೊಂದಿಗೆ ಇದ್ದರು, ಮಗ ಬೆಂಗಳೂರಿನಲ್ಲಿ. ಹಿಂದಿನ ಬಾಡಿಗೆದಾರ ಮೂರು ತಿಂಗಳ ಕರೆಂಟ್ ಬಿಲ್ ಬಾಕಿ ಇಟ್ಟು ಹೋಗಿದ್ದರಿಂದ ಅವರು ಯಾರನ್ನೂ ಬೇಗ ನಂಬುತ್ತಿರಲಿಲ್ಲ. ಏಜೆಂಟ್ ಮೊದಲೇ ‘ಅವರಾಗಿ ಕೇಳಿದರಷ್ಟೇ ಹೇಳಿ’ ಎಂದಿದ್ದರು. ಮಾಲಕರು ಜಾತಿ ಕೇಳಲಿಲ್ಲ. ‘ಮನಿಯೊಳಗ ಅಡಿಗಿ ಮಾಡೋದು ಬ್ಯಾಡ, ಹೊರಗ ತಿಂದು ಬಂದರ ನಂದೇನೂ ಇಲ್ಲ’ ಎಂದಷ್ಟೇ ಹೇಳಿದರು. ಯಾವ ಅಡಿಗೆ ಎಂದು ಅವರು ಹೇಳಬೇಕಾಗಿರಲಿಲ್ಲ. ದಂಪತಿ ಒಪ್ಪಿದರು. ಕೇಳದೆ ಇದ್ದದ್ದು ಅವರ ಔದಾರ್ಯವೋ, ನರ್ಸ್ ಎಂಬ ಉದ್ಯೋಗಕ್ಕೆ ಕೊಟ್ಟ ಮರ್ಯಾದೆಯೋ, ಅಥವಾ ಕೇಳಿ ತಿಳಿದರೆ ಇಲ್ಲ ಎನ್ನಬೇಕಾಗುತ್ತದೆ ಎಂಬ ಹಿಂಜರಿಕೆಯೋ ಎಂದು ನಾನು ಊಹಿಸಲು ಹೋಗುವುದಿಲ್ಲ.

ಕರಾರು

ಮಾತಾದ ಬಾಡಿಗೆ ತಿಂಗಳಿಗೆ 9,500 ರೂಪಾಯಿ, ಠೇವಣಿ 50,000 ರೂಪಾಯಿ. ಏಜೆಂಟ್ ತಮ್ಮ ಕಂಪ್ಯೂಟರಿನಲ್ಲಿದ್ದ ನಮೂನೆಯನ್ನು ತಿದ್ದಿ, ಬಾಂಡ್ ಪೇಪರಿನ ಮೇಲೆ ಹನ್ನೊಂದು ತಿಂಗಳ ಕರಾರು ಮಾಡಿಸಿ, ನೋಟರಿ ಸಹಿ ಹಾಕಿಸಿ ತಂದರು. ಅದರಲ್ಲಿ ಬಾಡಿಗೆ 8,300 ರೂಪಾಯಿ ಎಂದಿತ್ತು. ಉಳಿದ 1,200 ಪ್ರತಿ ತಿಂಗಳು ಕೈಯಲ್ಲಿ ಕೊಡಬೇಕು ಎಂಬುದು ಬಾಯಿ ಮಾತು.

ಈ ವಿಚಿತ್ರ ಅಂಕಿಗೆ ಕಾರಣ ಆದಾಯ ತೆರಿಗೆಯ ಒಂದು ನಿಯಮ. ನೌಕರನು ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಕೇಳುವಾಗ ವರ್ಷದ ಬಾಡಿಗೆ 1 ಲಕ್ಷ ರೂಪಾಯಿ ಮೀರಿದರೆ ಮಾಲಕನ ಪ್ಯಾನ್ ಸಂಖ್ಯೆಯನ್ನು ಕಂಪನಿಗೆ ಕೊಡಬೇಕು. 8,300 ರೂಪಾಯಿಯಂತೆ ಹನ್ನೆರಡು ತಿಂಗಳಿಗೆ 99,600 ಆಗುತ್ತದೆ, ಗೆರೆ ದಾಟುವುದಿಲ್ಲ. 9,500 ಆದರೆ 1,14,000. ಪ್ಯಾನ್ ಕೊಟ್ಟರೆ ತೆರಿಗೆ ಬೀಳುತ್ತದೆ ಎಂಬ ಭಯ ಮಾಲಕರಿಗಿತ್ತು, ಮತ್ತು ಏಜೆಂಟ್‌ಗೆ ಈ ಭಯ ಪರಿಚಯವಿತ್ತು. ಅದೇ ಏಜೆಂಟ್ ತಮ್ಮ ಕಮಿಷನ್ ಎಂದು ಎರಡೂ ಕಡೆಯಿಂದ ಒಂದು ತಿಂಗಳ ಬಾಡಿಗೆ ತೆಗೆದುಕೊಂಡಾಗ ಮಾತ್ರ ಲೆಕ್ಕ 9,500ರ ಮೇಲೆ ನಡೆಯಿತು.

ಭಯಕ್ಕೆ ಆಧಾರವಿತ್ತೇ ಎಂದು ನಂತರ ಕುಳಿತು ಲೆಕ್ಕ ಹಾಕಿದೆವು. ಮಾಲಕರ ಪಿಂಚಣಿ ತಿಂಗಳಿಗೆ 32,000, ಅಂದರೆ ವರ್ಷಕ್ಕೆ 3,84,000. ಅದರಲ್ಲಿ ಆ ವರ್ಷ 50,000 ಪ್ರಮಾಣಿತ ಕಡಿತ ಹೋಗುತ್ತಿತ್ತು. ಬಾಡಿಗೆ ಆದಾಯದಲ್ಲಿ ಶೇಕಡ 30ರಷ್ಟನ್ನು ಖರ್ಚಿನ ಸಾಕ್ಷಿ ಕೇಳದೆ ಬಿಡುತ್ತಾರೆ. 1,14,000ದಲ್ಲಿ ಉಳಿಯುವುದು 79,800. ಎಲ್ಲ ಕೂಡಿ 4,13,800. 2023-24ರ ಆರ್ಥಿಕ ವರ್ಷದಲ್ಲಿ ಹೊಸ ಪದ್ಧತಿಯಡಿ 7 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯ ಪೂರ್ತಿ ರಿಯಾಯಿತಿ ಇತ್ತು. ಬಾಡಿಗೆಯನ್ನು ಪೂರ್ತಿ ತೋರಿಸಿದ್ದರೂ ಮಾಲಕರು ಒಂದು ರೂಪಾಯಿ ತೆರಿಗೆ ಕಟ್ಟಬೇಕಾಗಿರಲಿಲ್ಲ. ಇನ್ನು ಬಾಡಿಗೆದಾರರ ಸಂಬಳ ವರ್ಷಕ್ಕೆ 5,52,000. ಹೊಸ ಪದ್ಧತಿ ಆರಿಸಿಕೊಂಡಿದ್ದರೆ ಅವರಿಗೂ ತೆರಿಗೆ ಇಲ್ಲ, ಬಾಡಿಗೆ ರಸೀದಿಯೂ ಬೇಕಿಲ್ಲ. ಯಾರಿಗೂ ಇಲ್ಲದ ತೆರಿಗೆಯಿಂದ ತಪ್ಪಿಸಿಕೊಳ್ಳಲು ಇಬ್ಬರೂ ಸೇರಿ ಅರೆಸುಳ್ಳಿನ ಕಾಗದವೊಂದಕ್ಕೆ ಸಹಿ ಹಾಕಿದ್ದರು.

ಕರಾರಿನ ಉಳಿದ ಭಾಗದಲ್ಲಿ ಹೆಚ್ಚೇನೂ ಇರಲಿಲ್ಲ. ಮನೆಯನ್ನು ‘ಸುಸ್ಥಿತಿಯಲ್ಲಿ ಮರಳಿಸತಕ್ಕದ್ದು’ ಎಂದಿತ್ತು, ಒಳಬಾಡಿಗೆ ಕೊಡಬಾರದು ಎಂದಿತ್ತು. ನೀರು, ಟ್ಯಾಂಕರ್, ಬಣ್ಣ, ಕರೆಂಟಿನ ದರ, ಬಂಧುಗಳು ಬಂದು ಎಷ್ಟು ದಿನ ಇರಬಹುದು ಎಂಬ ಯಾವುದೂ ಇರಲಿಲ್ಲ. ಅಡಿಗೆಯ ಷರತ್ತೂ ಇರಲಿಲ್ಲ, ಅಂಥದ್ದನ್ನು ಇಲ್ಲಿ ಯಾರೂ ಬರೆಯುವುದಿಲ್ಲ.

ಹನ್ನೊಂದು ತಿಂಗಳು ಏಕೆ ಎಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನ ತಪ್ಪು ತಿಳಿವಳಿಕೆ ಅಲ್ಲಿಂದಲೇ ಹುಟ್ಟಿತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 107ನೆಯ ಕಲಮು ಮತ್ತು 1908ರ ನೋಂದಣಿ ಕಾಯ್ದೆಯ 17ನೆಯ ಕಲಮಿನಂತೆ ಒಂದು ವರ್ಷ ಮೀರಿದ ಗೇಣಿ ಕರಾರನ್ನು ನೋಂದಾಯಿಸಬೇಕು. ಅದರ ಖರ್ಚು ಮತ್ತು ಓಡಾಟ ಉಳಿಸಲು ಒಂದು ತಿಂಗಳು ಕಡಿಮೆ ಮಾಡುತ್ತಾರೆ. ಬಾಡಿಗೆದಾರರನ್ನು ಕಾಪಾಡಲು ಬಾಡಿಗೆ ಕಾಯ್ದೆ ಇದೆಯಲ್ಲ ಎಂದು ಹಲವರು ನಂಬಿದ್ದಾರೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ವಾಸದ ಮನೆಗಳ ಮಟ್ಟಿಗೆ ಅನ್ವಯಿಸುವುದು, ಪ್ರದೇಶಕ್ಕೆ ತಕ್ಕಂತೆ, ತಿಂಗಳಿಗೆ 3,500 ಅಥವಾ 2,000 ರೂಪಾಯಿ ಮೀರದ ಬಾಡಿಗೆಗೆ ಮಾತ್ರ. ನವನಗರದಲ್ಲಿ ಆ ಬೆಲೆಗೆ ಒಂದು ಖೋಲಿಯೂ ಸಿಗುವುದಿಲ್ಲ. ಹೀಗಾಗಿ ಇಂಥ ಮನೆಗಳಿಗೆ ಉಳಿಯುವುದು ಹಳೆಯ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ಕೈಯಲ್ಲಿರುವ ಕರಾರು, ಅಷ್ಟೇ. ಠೇವಣಿಯನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸುವ ಮಾದರಿ ಬಾಡಿಗೆ ಕಾಯ್ದೆಯನ್ನು ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿತಾದರೂ, ಮಾದರಿ ಕಾಯ್ದೆ ತಾನಾಗಿ ಯಾವ ರಾಜ್ಯದಲ್ಲೂ ಜಾರಿಗೆ ಬರುವುದಿಲ್ಲ.

ನೀರು

ಮೊದಲ ಒಂಬತ್ತು ತಿಂಗಳು ತೊಂದರೆ ಇರಲಿಲ್ಲ. ಮಾಲಕರ ಪತ್ನಿ ಮಕ್ಕಳನ್ನು ಹಚ್ಚಿಕೊಂಡಿದ್ದರು. ತಾಯಿಗೆ ರಾತ್ರಿ ಪಾಳಿ ಇದ್ದ ದಿನ ಚಿಕ್ಕವಳು ಕೆಳಗಿನ ಮನೆಯಲ್ಲೇ ಉಂಡು ಮಲಗುತ್ತಿದ್ದಳು. ಇದನ್ನು ದಾಖಲಿಸದೆ ಹೋದರೆ ಪ್ರಕರಣ ಅಪೂರ್ಣವಾಗುತ್ತದೆ.

ಅವಳಿ ನಗರದ ಕುಡಿಯುವ ನೀರು ಬಹುಪಾಲು ಬರುವುದು ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ರೇಣುಕಾ ಸಾಗರದಿಂದ. ನೀರಸಾಗರದ್ದು ಹಳೆಯ ಆಸರೆ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ್ದರು. ಅದರ ಬಿಸಿ ಈ ಓಣಿಗೆ ಮುಟ್ಟಿದ್ದು 2024ರ ಮಾರ್ಚ್‌ನಲ್ಲಿ. ನಾಲ್ಕೈದು ದಿನಕ್ಕೊಮ್ಮೆ ಬರುತ್ತಿದ್ದ ನಳ ಎಂಟು ಹತ್ತು ದಿನಕ್ಕೆ ಹೋಯಿತು, ಅದೇ ಹೊತ್ತಿಗೆ ಮನೆಯ ಬೋರ್‌ವೆಲ್ ಅರ್ಧ ತಾಸಿಗೇ ಗಾಳಿ ಕಕ್ಕತೊಡಗಿತು. ನೆಲದಡಿಯ ಸಂಪು ಎರಡೂ ಮನೆಗೆ ಒಂದೇ. ಮೇಲೆ ಇಬ್ಬರಿಗೂ ಒಂದೊಂದು ಸಿಂಟೆಕ್ಸ್ ಟ್ಯಾಂಕು. ಮೋಟಾರಿನ ಸ್ವಿಚ್ ಕೆಳಗಿನ ಮನೆಯ ಒಳಗೆ. ಮಾಲಕರು ಬೆಳಿಗ್ಗೆ ಆರಕ್ಕೆ ಒಮ್ಮೆ ಮೋಟಾರು ಹಾಕುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಎಂಟೂವರೆಗೆ ಬರುವವರಿಗೆ ಸ್ನಾನದ ಹೊತ್ತಿಗೆ ಟ್ಯಾಂಕು ಬರಿದಾಗಿರುತ್ತಿತ್ತು.

ಮಾರ್ಚ್‌ನಿಂದ ಮೇವರೆಗೆ ಹದಿನಾಲ್ಕು ಟ್ಯಾಂಕರ್ ನೀರು ಹಾಕಿಸಲಾಯಿತು, ಒಂದಕ್ಕೆ 800 ರೂಪಾಯಿ. ಮಾಲಕರು ಅರ್ಧ ಕೇಳಿದರು. ಮಾರ್ಚ್ ಮತ್ತು ಏಪ್ರಿಲ್‌ನ ಒಂಬತ್ತು ಟ್ಯಾಂಕರಿಗೆ ಬಾಡಿಗೆದಾರರು ತಮ್ಮ ಪಾಲಿನ 3,600 ಕೊಟ್ಟರು. ಮೇ ತಿಂಗಳಲ್ಲಿ ಹೆಂಡತಿ ಒಂದು ಪ್ರಶ್ನೆ ಕೇಳಿದರು: ತಿಂಗಳಿಗೆ 1,200 ನೀರಿಗೆಂದು ಕೊಡುತ್ತಿರುವಾಗ ಟ್ಯಾಂಕರಿಗೆ ಬೇರೆ ಏಕೆ ಕೊಡಬೇಕು? ‘ಅದು ನೀರಿಂದಲ್ಲ ತಂಗೀ, ಬಾಡಿಗಿದೇ ಉಳದದ್ದು’ ಎಂದು ಮಾಲಕರು ಉತ್ತರಿಸಿದರು. ಆಗ ಹೆಂಡತಿ ಮೊಬೈಲಿನಲ್ಲಿ ಒಂದು ಸಂದೇಶ ತೋರಿಸಿದರು. ಜನವರಿಯಲ್ಲಿ ಹಣ ನಾಲ್ಕು ದಿನ ತಡವಾದಾಗ ಬೆಂಗಳೂರಿನ ಮಗ ಕಳಿಸಿದ್ದು, ‘ನೀರಿನ 1200 ಇನ್ನೂ ಬಂದಿಲ್ಲ’ ಎಂದು. ಮಗನಿಗೆ ತಂದೆಯ ತೆರಿಗೆ ಲೆಕ್ಕದ ಹಿನ್ನೆಲೆ ಗೊತ್ತಿರಲಿಲ್ಲ. ಬಾಡಿಗೆಯಲ್ಲದ ಹಣ ಎಂದರೆ ನೀರಿನದೇ ಇರಬೇಕು ಎಂದುಕೊಂಡಿದ್ದ.

ಮೇ ಮತ್ತು ಜೂನ್‌ನಲ್ಲಿ ಬಾಡಿಗೆದಾರರು 8,300 ಮಾತ್ರ ಕಳಿಸಿದರು, 1,200 ಹಿಡಿದಿಟ್ಟರು. ಮೇ ತಿಂಗಳ ಐದು ಟ್ಯಾಂಕರಿನ ಪಾಲು 2,000ವನ್ನೂ ಕೊಡಲಿಲ್ಲ.

ಇದೇ ಮೇ ತಿಂಗಳಲ್ಲಿ ಊರಿನ ದ್ಯಾಮವ್ವನ ಜಾತ್ರೆಯಿಂದ ಅಣ್ಣನೊಬ್ಬ ಡಬ್ಬಿಯಲ್ಲಿ ಮಟನ್ ಸಾರು ತಂದ. ಮನೆಯಲ್ಲಿ ಮಾಡಲಿಲ್ಲ, ತಂದದ್ದನ್ನು ಗ್ಯಾಸಿನ ಮೇಲಿಟ್ಟು ಕಾಯಿಸಿದರು. ವಾಸನೆ ಕೆಳಗೆ ಇಳಿಯಿತು. ಅಣ್ಣನ ಜೊತೆ ಮಾತಾಡುವಾಗ ಜಾತಿಯೂ ತಿಳಿಯಿತು. ಮಾಲಕರು ಜಾತಿಯ ಬಗ್ಗೆ ಒಂದು ಮಾತೂ ಆಡಲಿಲ್ಲ ಎಂಬುದನ್ನು ಬಾಡಿಗೆದಾರರೇ ಒಪ್ಪುತ್ತಾರೆ. ಆದರೆ ಚಿಕ್ಕವಳನ್ನು ಕೆಳಗೆ ಕರೆಯುವುದು ನಿಂತಿತು. ನೀರಿನ ಹಣದ ಸಿಟ್ಟಿಗೆ ನಿಂತಿತೋ ಇದಕ್ಕೆ ನಿಂತಿತೋ ಎಂದು ಹೇಳಬಲ್ಲವರು ಮಾಲಕರ ಪತ್ನಿ ಒಬ್ಬರೇ, ಅವರು ಮಾತುಕತೆಗೆ ಬಂದು ಕೂರಲಿಲ್ಲ. ನರ್ಸ್‌ಗೆ ಅತಿ ಹೆಚ್ಚು ನೋವಾದದ್ದು ಹಣದಿಂದಲ್ಲ, ಇದರಿಂದ.

ಕರೆಂಟ್

ಇದರ ಬಗ್ಗೆ ಜಗಳವೇ ಆಗಲಿಲ್ಲ, ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನನ್ನ ಲೆಕ್ಕದಲ್ಲಿ ಬಾಡಿಗೆದಾರರಿಗೆ ಸದ್ದಿಲ್ಲದೆ ಹೆಚ್ಚು ನಷ್ಟವಾದದ್ದು ಇಲ್ಲಿ. ಎರಡು ಮನೆಗೂ ವಿದ್ಯುತ್ ಕಂಪನಿ ಹೆಸ್ಕಾಂನ ಆರ್‌ಆರ್ ನಂಬರ್, ಅಂದರೆ ಸಂಪರ್ಕದ ಸಂಖ್ಯೆ, ಒಂದೇ. ಮೇಲಿನ ಮನೆಗೆ ಸಬ್ ಮೀಟರ್. ಯೂನಿಟ್‌ಗೆ 8 ರೂಪಾಯಿಯಂತೆ ಬಾಡಿಗೆದಾರರು ಮಾಲಕರಿಗೆ ಕೊಡಬೇಕು. ಅವರು ಮನೆಗೆ ಬಂದ ಮರುತಿಂಗಳೇ, 2023ರ ಜುಲೈ ಬಳಕೆಯಿಂದ, ಗೃಹಜ್ಯೋತಿ ಯೋಜನೆ ಶುರುವಾಯಿತು. ಆರಂಭದ ನಿಯಮದಂತೆ 2022-23ರ ಸರಾಸರಿ ಬಳಕೆಯ ಮೇಲೆ ಶೇಕಡ 10 ಸೇರಿಸಿ ಅಷ್ಟು ಯೂನಿಟ್ ಉಚಿತ; ಅದನ್ನು ಮೀರಿ 200ರೊಳಗೆ ಇದ್ದರೆ ಹೆಚ್ಚುವರಿಗಷ್ಟೇ ಹಣ; 200 ದಾಟಿದರೆ ಪೂರ್ತಿ ಬಿಲ್. ಬಾಡಿಗೆದಾರರಿಗೂ ಈ ಸೌಲಭ್ಯ ಉಂಟು, ಆದರೆ ಸ್ವಂತ ಮೀಟರ್ ಇರಬೇಕು.

ಮಳೆಗಾಲ ಮತ್ತು ಚಳಿಗಾಲದಲ್ಲಿ ಎರಡೂ ಮನೆ ಸೇರಿ 175 ಯೂನಿಟ್‌ನ ಆಚೀಚೆ ಇತ್ತು. ಆ ತಿಂಗಳುಗಳಲ್ಲಿ ಮಾಲಕರಿಗೆ ಬಂದ ಬಿಲ್ ಅಲ್ಪ, ಮೇಲಿನ ಮನೆಯಿಂದ ಬಂದದ್ದು ತಿಂಗಳಿಗೆ 640ರಿಂದ 700 ರೂಪಾಯಿ. ಸರ್ಕಾರ ಪುಕ್ಕಟೆ ಕೊಟ್ಟ ಕರೆಂಟಿಗೆ ಮೇಲಿನವರು ಕೆಳಗಿನವರಿಗೆ ಹಣ ಕೊಟ್ಟ ಹಾಗಾಯಿತು. ಬೇಸಿಗೆಯಲ್ಲಿ ಕೂಲರ್ ಮತ್ತು ಮೋಟಾರಿನಿಂದಾಗಿ ಬಳಕೆ 200 ದಾಟಿ, ಮೂರು ತಿಂಗಳು ಪೂರ್ತಿ ಬಿಲ್ ಬಂದಾಗ ಹೆಚ್ಚಿನದನ್ನು ಮಾಲಕರೇ ಭರಿಸಿದರು. ಬೇರೆ ಬೇರೆ ಮೀಟರ್ ಇದ್ದಿದ್ದರೆ ಬೇಸಿಗೆಯಲ್ಲೂ ಇಬ್ಬರಲ್ಲಿ ಯಾರೂ 200ರ ಹತ್ತಿರ ಹೋಗುತ್ತಿರಲಿಲ್ಲ.

ಮನೆ ಬಿಡುವ ಮಾತು

2024ರ ಜುಲೈ ಮೊದಲ ವಾರದ ಕೊನೆಯಲ್ಲಿ ಮಾಲಕರು ಮೇಲೆ ಬಂದು, ಹನ್ನೊಂದು ತಿಂಗಳ ಕರಾರು ಮೇ 4ಕ್ಕೇ ಮುಗಿದಿದೆ, ಇನ್ನು ಇರಲು ಹಕ್ಕಿಲ್ಲ, ವಾರದೊಳಗೆ ಖಾಲಿ ಮಾಡಿ ಎಂದರು. ಬ್ಯಾಂಕ್ ಉದ್ಯೋಗಿಯೊಬ್ಬರು 12,000 ಕೊಡಲು ತಯಾರಿದ್ದರು ಎಂಬುದು ಆಮೇಲೆ ತಿಳಿಯಿತು.

ಹಕ್ಕಿಲ್ಲ ಎಂಬುದು ಸರಿಯಲ್ಲ. ಅವಧಿ ಮುಗಿದ ಮೇಲೂ ಮಾಲಕನು ಬಾಡಿಗೆ ತೆಗೆದುಕೊಳ್ಳುತ್ತ ಹೋದರೆ, ಆಸ್ತಿ ವರ್ಗಾವಣೆ ಕಾಯ್ದೆಯ 116ನೆಯ ಕಲಮಿನಂತೆ ವಾಸದ ಮನೆಯ ಗೇಣಿ ತಿಂಗಳಿಂದ ತಿಂಗಳಿಗೆ ಮುಂದುವರಿದಂತೆ ಆಗುತ್ತದೆ. ಅದನ್ನು ಮುಗಿಸಲು 106ನೆಯ ಕಲಮಿನಂತೆ ಹದಿನೈದು ದಿನಗಳ ಲಿಖಿತ ನೋಟಿಸ್ ಬೇಕು. ಮೇ ಮತ್ತು ಜೂನ್‌ನಲ್ಲಿ 8,300 ಮಾಲಕರ ಖಾತೆಗೆ ಜಮೆಯಾಗಿತ್ತು. ನೋಟಿಸ್ ಕೊಟ್ಟಿರಲಿಲ್ಲ.

ಬಾಡಿಗೆದಾರರನ್ನು ಆ ವಾರ ಕಾಪಾಡಿದ್ದು ಮಾತ್ರ ಕಲಮಲ್ಲ, ಪಂಚಾಂಗ. ಜುಲೈ 6ಕ್ಕೆ ಆಷಾಢ ಹಿಡಿದಿತ್ತು. ಆಷಾಢದಲ್ಲಿ ಈ ದಂಪತಿ ಸಾಮಾನು ಎತ್ತಲು ಒಪ್ಪಲಿಲ್ಲ, ಆದರೆ ಬ್ಯಾಂಕಿನವರೂ ಆಷಾಢದಲ್ಲಿ ಹೊಸ ಮನೆಗೆ ಬಂದು ಹಾಲು ಉಕ್ಕಿಸುವವರಲ್ಲ. ಇವರನ್ನು ಹೊರಗೆ ಹಾಕಿದರೆ ಮನೆ ಒಂದು ತಿಂಗಳು ಬೀಗ ಹಾಕಿಕೊಂಡೇ ಇರಬೇಕು. ಇದನ್ನು ಎದುರು ಮನೆಯ ನಿವೃತ್ತ ಶಿಕ್ಷಕರು ಮಾಲಕರಿಗೆ ತಿಳಿಸಿ ಹೇಳಿದ ಮೇಲೆ ಶ್ರಾವಣದ ಮೊದಲ ವಾರದವರೆಗೆ ಅವಕಾಶ ಸಿಕ್ಕಿತು. ಆ ಶಿಕ್ಷಕರೇ ಇನ್ನೊಬ್ಬ ಮಧ್ಯಸ್ಥರು.

ಠೇವಣಿಯ ಲೆಕ್ಕ

ಮಾಲಕರ ಪಟ್ಟಿ ಹೀಗಿತ್ತು: ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ 9,500, ಹಿಡಿದಿಟ್ಟ ಎರಡು ತಿಂಗಳ 2,400, ಮೇ ತಿಂಗಳ ಟ್ಯಾಂಕರ್ 2,000, ಅಡಿಗೆಮನೆಯ ಸಿಂಕಿನ ಪೈಪು 900, ಕೊನೆಯ ತಿಂಗಳ ಕರೆಂಟ್ 720, ಒಟ್ಟು 15,520 ಕಳೆದು 34,480 ಮರಳಿಸುವುದು. ಬಾಡಿಗೆದಾರರು ಕರೆಂಟಿನ 720 ಮಾತ್ರ ಒಪ್ಪಿ, ಟ್ಯಾಂಕರಿಗೆ ಕೊಟ್ಟಿದ್ದ 3,600ನ್ನೂ ಸೇರಿಸಿ 52,880 ಕೇಳಿದರು.

ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗ ನಮಗಿಬ್ಬರಿಗೂ ನಗು ತಡೆಯುವುದು ಕಷ್ಟವಾಯಿತು. ತೆರಿಗೆಗೆ ಬಾಡಿಗೆ 8,300 ಎಂದ ಮಾಲಕರು ಬಣ್ಣಕ್ಕೆ ಹಿಡಿದುಕೊಳ್ಳುವಾಗ ಅದು 9,500 ಎನ್ನುತ್ತಿದ್ದರು. ಮನೆ ಹಿಡಿಯುವಾಗ 9,500ಕ್ಕೆ ಒಪ್ಪಿದ ಬಾಡಿಗೆದಾರರು ಕಾಗದ ತೋರಿಸಿ, ಬಾಡಿಗೆ 8,300, ಉಳಿದದ್ದು ನೀರಿನ ಸೇವೆಗೆ ಕೊಟ್ಟ ಹಣ, ನೀರು ಬರದಿದ್ದರೆ ಅದನ್ನು ಕೊಡಬೇಕಾಗಿಲ್ಲ ಎನ್ನುತ್ತಿದ್ದರು. ಇಬ್ಬರೂ ತಮಗೆ ಬೇಕಾದಾಗ ಒಂದೊಂದು ಅಂಕಿಯನ್ನು ಹಿಡಿದಿದ್ದರು, ಇಬ್ಬರ ಕೈಯಲ್ಲೂ ಅದಕ್ಕೆ ಆಧಾರವಿತ್ತು.

ಮಗನ ಸಂದೇಶವೇ ನಮ್ಮ ಮಟ್ಟಿಗೆ ನಿರ್ಣಾಯಕವಾಯಿತು. ನ್ಯಾಯಾಲಯಕ್ಕೆ ಹೋದರೂ ಅಂಥ ಸಂದೇಶವನ್ನು ಸಾಕ್ಷ್ಯವಾಗಿ ಮುಂದಿಡಲು ದಾರಿ ಇದೆ; ಅದೇ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ, ಹಿಂದಿನ ಕಾಯ್ದೆಯಂತೆಯೇ, ವಿಧಿವತ್ತಾದ ಪ್ರಮಾಣಪತ್ರದೊಂದಿಗೆ ವಿದ್ಯುನ್ಮಾನ ದಾಖಲೆಯನ್ನು ಒಪ್ಪುತ್ತದೆ. 1,200 ನೀರು ಮತ್ತು ನಿರ್ವಹಣೆಯ ಹಣ ಎಂದು ಪರಿಗಣಿಸಿದೆವು. ಹಾಗೆ ಪರಿಗಣಿಸಿದರೆ ಎರಡು ಫಲ: ಮೇ ತಿಂಗಳ ಟ್ಯಾಂಕರ್ ಪಾಲು ಮಾಲಕರು ಕೇಳುವಂತಿಲ್ಲ, ಆದರೆ ಬಾಡಿಗೆದಾರರು 1,200 ಹಿಡಿದಿಟ್ಟದ್ದೂ ಸರಿಯಲ್ಲ, ಏಕೆಂದರೆ ಎಷ್ಟೇ ಕಡಿಮೆಯಾದರೂ ಆ ಎರಡು ತಿಂಗಳು ನೀರು ಬಳಸಿದ್ದಾರೆ. ಮಾರ್ಚ್ ಮತ್ತು ಏಪ್ರಿಲ್‌ನ 3,600ರ ವಿಷಯದಲ್ಲಿ ಬಾಡಿಗೆದಾರರ ವಾದ ಗಟ್ಟಿಯಿತ್ತು. ಬೇಸಿಗೆಯ ಪೂರ್ತಿ ಬಿಲ್ ತಾವೇ ಕಟ್ಟಿದ್ದನ್ನು ಮಾಲಕರು ಎತ್ತಿದರು. ನಾನು ಹಿಂದಿನ ತಿಂಗಳುಗಳ ಉಚಿತ ಯೂನಿಟ್‌ಗಳ ಮಾತು ತೆಗೆದೆ. ಹೆಸ್ಕಾಂ ಬಿಲ್‌ಗಳನ್ನೆಲ್ಲ ತಂದು ಕೂತರೆ ಮಾಲಕರೇ ಕೊಡಬೇಕಾಗಿ ಬರುತ್ತಿತ್ತು ಎಂದು ಈಗಲೂ ನನ್ನ ಅಭಿಪ್ರಾಯ. ಆದರೆ ದಂಪತಿಗೆ ಹೊಸ ಮನೆಯ ಠೇವಣಿಗೆ ಹಣ ತುರ್ತಾಗಿ ಬೇಕಿತ್ತು, ಹಳೆಯ ಟ್ಯಾಂಕರ್ ಮತ್ತು ಕರೆಂಟಿನ ಲೆಕ್ಕವನ್ನು ಇಬ್ಬರೂ ಅಲ್ಲಿಗೇ ಬಿಟ್ಟರು.

ಬಣ್ಣದ ವಿಷಯ ಅಷ್ಟು ಜಟಿಲವಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 108ನೆಯ ಕಲಮಿನಂತೆ ಸಹಜವಾಗಿ ಸವೆದದ್ದಕ್ಕೆ ಬಾಡಿಗೆದಾರ ಹೊಣೆಯಲ್ಲ, ಕರಾರಿನಲ್ಲೂ ಬಣ್ಣದ ಮಾತಿರಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಮಾಸಿದ ಗೋಡೆಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೆಂಗಳೂರಿನಿಂದ ಏಜೆಂಟರ ಜೊತೆ ಇಲ್ಲಿಗೂ ಬಂದ ರೂಢಿಯಷ್ಟೆ. ಹಾಲ್‌ನ ಒಂದು ಗೋಡೆಯ ಮೇಲೆ ಬಾಡಿಗೆದಾರರ ಮಗ ಬಣ್ಣದ ಪೆನ್ಸಿಲಿನಿಂದ ಚಿಗರಿ ಬಸ್ಸುಗಳ ಸಾಲು ಬರೆದಿದ್ದ. ಅದು ಸವೆತವಲ್ಲ. ಅದಕ್ಕೆ 2,500 ಎಂದು ಪೇಂಟರ್ ಹೇಳಿದರು, ಬಾಡಿಗೆದಾರರು ಒಪ್ಪಿದರು. ಪೈಪಿನ 900ನ್ನೂ ಒಪ್ಪಿದರು.

ಹೀಗೆ 2,400, 2,500, 900 ಮತ್ತು 720 ಕಳೆದು 43,480 ರೂಪಾಯಿ ಮರಳಿಸಬೇಕೆಂದು ತೀರ್ಮಾನವಾಯಿತು. 30,000 ಕೀಲಿ ಕೊಡುವ ದಿನ, 13,480 ಒಂದು ತಿಂಗಳೊಳಗೆ. ಜುಲೈ ಬಾಡಿಗೆ 9,500 ಪೂರ್ತಿ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಿದೆವು. ಮಾತು ಮುರಿದರೆ ಮುಂದೇನು ಎಂದು ನರ್ಸ್ ಕೇಳಿದಾಗ, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿಯವರಿಗೆ ಆದಾಯ ಎಷ್ಟೇ ಇದ್ದರೂ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರ ನೆರವು ಸಿಗುತ್ತದೆ, 15100 ಸಹಾಯವಾಣಿಗೆ ಕರೆ ಮಾಡಬಹುದು ಎಂದು ತಿಳಿಸಿದೆವು. ಅದರ ಅಗತ್ಯ ಬೀಳಲಿಲ್ಲ. ಎರಡನೆಯ ಕಂತು ಐದು ದಿನ ತಡವಾಗಿ ಬಂದಿತು.

ಆನಂತರ

ಬ್ಯಾಂಕಿನವರಿಗೆ ಮಾಡಿಕೊಟ್ಟ ಕರಾರನ್ನು ಮಾಲಕರು ನನಗೆ ತೋರಿಸಿದರು. ಬಣ್ಣದ ಕಲಮು ಹೊಸದಾಗಿ ಸೇರಿತ್ತು, ಟ್ಯಾಂಕರ್ ಖರ್ಚು ಸಮಪಾಲು ಎಂದಿತ್ತು, ಬಾಡಿಗೆಯ ಜಾಗದಲ್ಲಿ 8,300 ಎಂದೇ ಇತ್ತು. ತೆರಿಗೆಯ ಲೆಕ್ಕವನ್ನು ಇನ್ನೊಮ್ಮೆ ಬಿಡಿಸಿ ಹೇಳಿದೆ. ಏಜೆಂಟ್ ಹೇಳಿದ್ದಾರೆ ಎಂದರು.

ದಂಪತಿ ಭೈರಿದೇವರಕೊಪ್ಪದ ಕಡೆ, ಮಾಲಕರು ಬೇರೆ ಊರಿನಲ್ಲಿರುವ ಮನೆಯನ್ನು ಹಿಡಿದಿದ್ದಾರೆ. ಬಾಡಿಗೆ 10,500, ಪೂರ್ತಿ ಕಾಗದದ ಮೇಲೆ. ಬ್ಯಾಂಕ್ ಖಾತೆಗೆ ಒಂದೇ ಕಂತು. ಮೀಟರ್ ಬೇರೆ. ಹಿಂದಿನ ಬಾಡಿಗೆದಾರರ ಆಧಾರ್ ಜೋಡಣೆ ಬಿಡಿಸಿ ಗೃಹಜ್ಯೋತಿಗೆ ತಮ್ಮ ಹೆಸರಿನಲ್ಲಿ ಅರ್ಜಿ ಹಾಕಿದ್ದಾರೆ. ಟ್ಯಾಂಕರ್ ತರಿಸಿದರೆ ಯಾರು ಎಷ್ಟು ಕೊಡಬೇಕು, ಮೋಟಾರಿನ ಸ್ವಿಚ್ ಎಲ್ಲಿರಬೇಕು ಎಂಬ ಎರಡು ಸಾಲುಗಳನ್ನು ನರ್ಸ್ ತಾವೇ ಹೇಳಿ ಬರೆಸಿದರು. ಅಡಿಗೆಯ ಬಗ್ಗೆ ಆ ಮಾಲಕರು ಏನೂ ಕೇಳಲಿಲ್ಲ. ಅಡ್ಡಹೆಸರು ಕೇಳಿದರು, ನಂತರ ಎರಡನೆಯ ಪ್ರಶ್ನೆಯನ್ನೂ ಕೇಳಿದರು, ಈ ಸಲ ದಂಪತಿ ಮೊದಲೇ ಹೇಳಿಬಿಟ್ಟರು, ಆ ಮೇಲೆಯೇ ಮುಂಗಡ ಕೊಟ್ಟರು.